ಪ್ರಮಾಣಿಸಿ ನೋಡು

ಯಂತ್ರಗಳಿಗೆ ಬರುವ ಕೇಡಿನಲ್ಲಿ ಎರಡು ಬಗೆಯುಂಟು. ಕೆಟ್ಟು ನಿಂತುಬಿಡುವುದು ಒಂದು ಬಗೆ; ಆಗಾಗ ಕೆಟ್ಟು, ಆಗಾಗ ತಾನೇ ಸರಿಹೋಗುವುದು ಇನ್ನೊಂದು ಬಗೆ. ಮೊದಲನೆಯದನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ತಂತಿ ತುಂಡಾಗಿದ್ದರೆ ಅದು ಬೆಳಿಗ್ಗೆಯೂ ತುಂಡೇ, ಸಂಜೆಯೂ ತುಂಡೇ. ಹುಡುಕುವವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಎರಡನೆಯ ಬಗೆಯ ಕೇಡು ತನಗೆ ಬೇಕೆಂದಾಗ ಬರುತ್ತದೆ, ನಾವು ಹುಡುಕಹೊರಟಾಗ ಅಡಗುತ್ತದೆ. ವೈದ್ಯರ ಮನೆಯ ಹೊಸ್ತಿಲನ್ನು ತುಳಿದೊಡನೆ ಮಾಯವಾಗುವ ಹಲ್ಲುನೋವಿನ ಸ್ವಭಾವ ಅದರದು. ಅದನ್ನು ಹಿಡಿಯಬೇಕಾದರೆ ಕೈಚಳಕದ ಜೊತೆಗೆ ತಾಳ್ಮೆಯೂ ಬೇಕು, ಕ್ರಮವೂ ಬೇಕು. ಈ ಪಾಠವನ್ನು ನನಗೆ ಕಲಿಸಿದ್ದು ನನ್ನ ಹಳೆಯ ಮೋಟಾರ್ ಸೈಕಲ್ಲು.

ನನ್ನದು 1986ರಲ್ಲಿ ಕೊಂಡ ಯೆಜ್ಡಿ. ಅದರ ತವರು ನಮ್ಮ ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯು ಆಗಿನ ಚೆಕೊಸ್ಲೊವಾಕಿಯ ದೇಶದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಈ ಮಾದರಿಯ ಗಾಡಿಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೂ ಅಂದಿನ ಗಾಡಿಗಳು ನಾಡಿನ ರಸ್ತೆಗಳಿಂದ ಮರೆಯಾಗಿಲ್ಲ. ಒಡೆಯರ ಅಭಿಮಾನವೂ ರಿಪೇರಿ ಮಾಡುವವರ ಕೈಗುಣವೂ ಅವುಗಳ ಆಯುಸ್ಸನ್ನು ಬೆಳೆಸಿವೆ.

ನಮ್ಮ ಪಟ್ಟಣದಿಂದ 18 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ಅಕ್ಕ ಒಬ್ಬಂಟಿಯಾಗಿದ್ದಾಳೆ. ಅವಳಿಗೆ ಎಂಬತ್ತರ ಸಮೀಪದ ವಯಸ್ಸು. ಹಳ್ಳಿಗೆ ಬಸ್ಸು ಬರುವುದು ದಿನಕ್ಕೆ ಎರಡೇ ಬಾರಿ. ವಾರದಲ್ಲಿ ಎರಡು ದಿನ ಔಷಧವನ್ನೂ ಸಂತೆಯ ಸಾಮಾನನ್ನೂ ಕೊಂಡು ನಾನು ಅಲ್ಲಿಗೆ ಹೋಗಿಬರುತ್ತೇನೆ. ನಾನು ಬರುವ ದಿನ ಅಕ್ಕ ಮಧ್ಯಾಹ್ನದಿಂದಲೇ ಜಗಲಿಯಲ್ಲಿ ಕುಳಿತು ಗಾಡಿಯ ಸದ್ದಿಗೆ ಕಿವಿಗೊಟ್ಟಿರುತ್ತಾಳೆ.

2023ರ ಬೇಸಿಗೆಯಲ್ಲಿ ಗಾಡಿಗೆ ಹೊಸದೊಂದು ಚಾಳಿ ಹತ್ತಿತು. ಹತ್ತು ಹನ್ನೆರಡು ಕಿಲೋಮೀಟರ್ ಸರಾಗವಾಗಿ ಓಡಿ, ಗುಡ್ಡದ ಏರು ಬರುವ ಹೊತ್ತಿಗೆ ಇಂಜಿನ್ ತಡವರಿಸತೊಡಗುತ್ತಿತ್ತು. ಮಾತಿನ ನಡುವೆ ಬಿಕ್ಕಳಿಕೆ ಬಂದಂತೆ ಅದರ ಸದ್ದು ತುಂಡುತುಂಡಾಗುತ್ತಿತ್ತು. ಇದಕ್ಕೆ ನಮ್ಮ ಕಡೆಯ ಮೆಕ್ಯಾನಿಕ್ಕುಗಳು ‘ಮಿಸ್ಸಿಂಗ್’ ಎನ್ನುತ್ತಾರೆ. ಹೊಂಗೆಮರದ ನೆರಳಿನಲ್ಲಿ ಕಾಲು ಗಂಟೆ ನಿಲ್ಲಿಸಿದರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು. ಒಂದು ದಿನ ಏರಿನ ತಿರುವಿನಲ್ಲಿ ಅದು ಬಲಗುಂದಿ ನಿಂತಾಗ, ಹಿಂದೆ ಬರುತ್ತಿದ್ದ ಲಾರಿ ಕೂದಲೆಳೆಯಷ್ಟು ಅಂತರದಲ್ಲಿ ಪಕ್ಕಕ್ಕೆ ಸರಿದು ಹೋಯಿತು. ಅಂದಿನಿಂದ ಗಾಡಿ ಚೆನ್ನಾಗಿ ಓಡುತ್ತಿರುವಾಗಲೂ ನನ್ನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಆಗಾಗ ಬರುವ ಕೇಡಿನ ದೊಡ್ಡ ಹಾನಿ ಇದೇ: ಕೆಟ್ಟ ಹೊತ್ತಿನಲ್ಲಿ ಕೈಕೊಡುವುದಲ್ಲದೆ, ಒಳ್ಳೆಯ ಹೊತ್ತಿನ ನಂಬಿಕೆಯನ್ನೂ ಅದು ಕಸಿದುಕೊಳ್ಳುತ್ತದೆ.

ಮೊದಲು ತೋರಿಸಿದ ಅಂಗಡಿಯಲ್ಲಿ ಪ್ಲಗ್ಗನ್ನು ಬದಲಿಸಿದರು. ಎರಡನೆಯ ಅಂಗಡಿಯಲ್ಲಿ ಕಾರ್ಬೊರೇಟರನ್ನು ಬಿಚ್ಚಿ ತೊಳೆದರು. ಎರಡೂ ಕಡೆ ‘ಇನ್ನು ಭಯವಿಲ್ಲ’ ಎಂಬ ಮಾತೂ ದೊರೆಯಿತು. ಪೇಟೆಯಲ್ಲಿ ಓಡಿಸಿದಾಗ ಗಾಡಿ ನಿಜವಾಗಿಯೂ ಚೆನ್ನಾಗಿತ್ತು. ಗುಡ್ಡದ ಏರಿನಲ್ಲಿ ಮತ್ತೆ ಅದೇ ಬಿಕ್ಕಳಿಕೆ. ‘ಹಳೆಯ ಗಾಡಿ, ಗುಜರಿಗೆ ಹಾಕಿಬಿಡಿ’ ಎಂದು ಸಲಹೆ ಕೊಟ್ಟವರು ಹಲವರು.

ಕೊನೆಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ. ಅವರು ಸ್ಪ್ಯಾನರನ್ನು ಮುಟ್ಟಲಿಲ್ಲ. ಕೇಳಿದ್ದು ಪ್ರಶ್ನೆಗಳನ್ನು ಮಾತ್ರ. “ಎಷ್ಟು ದೂರ ಹೋದ ಮೇಲೆ ಮೇಷ್ಟ್ರೇ? ಬೆಳಿಗ್ಗೆಯೋ, ಬಿಸಿಲಿನಲ್ಲೋ? ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು? ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಸರಿಹೋಯಿತು?” ನನ್ನ ಉತ್ತರಗಳನ್ನು ಕೇಳಿ, “ಅಂದಾಜು ಬೇಡ. ಎರಡು ವಾರ ಬರೆದುಕೊಂಡು ಬನ್ನಿ” ಎಂದರು. ಜೀವಮಾನವೆಲ್ಲ ಮಕ್ಕಳಿಗೆ ಮನೆಗೆಲಸ ಕೊಟ್ಟ ನನಗೆ ಹೀಗೆ ಮನೆಗೆಲಸ ದೊರೆಯಿತು!

ಎರಡು ವಾರಗಳ ಬರಹ ಹೇಳಿದ್ದು ಇಷ್ಟು. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತನೆಯ ಕಿಲೋಮೀಟರಿನ ಸುಮಾರಿಗೆ ಕೇಡು ಕಾಣಿಸುತ್ತದೆ. ತಂಪಾದ ಮುಂಜಾನೆ ಹದಿನಾರನೆಯ ಕಿಲೋಮೀಟರಿನವರೆಗೂ ಕಾಣಿಸದು. ನಿಲ್ಲಿಸಿದರೆ ಕಾಲು ಗಂಟೆಯಲ್ಲಿ ಮಾಯವಾಗುತ್ತದೆ. ಮೇಸ್ತ್ರಿಗಳು ಅದನ್ನು ಎರಡು ಸಲ ಓದಿಸಿ ಕೇಳಿದರು.

ಇಲ್ಲಿ ಇಂಜಿನ್ನಿನ ಕೆಲಸವನ್ನು ಸ್ವಲ್ಪ ತಿಳಿಯಬೇಕು. ಇದು ಎರಡು ಹೊಡೆತದ ಇಂಜಿನ್. ಪ್ರತಿ ಸುತ್ತಿಗೂ ಪ್ಲಗ್ಗಿನಲ್ಲಿ ಒಂದು ಕಿಡಿ ಹಾರಬೇಕು. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಕಿಡಿ. ಅರ್ಧ ಗಂಟೆಯ ಪಯಣಕ್ಕೆ 90,000 ಕಿಡಿ! ಬ್ಯಾಟರಿಯ ಕೆಲವೇ ವೋಲ್ಟುಗಳ ವಿದ್ಯುತ್ತು ಕಾಯಿಲ್ ಎಂಬ ಸುರುಳಿಯಲ್ಲಿ ಹರಿದು ಅಲ್ಲಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ‘ಪಾಯಿಂಟ್’ ಎಂಬ ಪುಟ್ಟ ಲೋಹದ ತುಟಿಗಳು ತೆರೆದೊಡನೆ ಆ ಪ್ರವಾಹ ಕಡಿದು, ಕಾಂತಕ್ಷೇತ್ರ ಕುಸಿದು, ಸಾವಿರಾರು ವೋಲ್ಟುಗಳ ವಿದ್ಯುತ್ತು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಇದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ. ಪಾಯಿಂಟುಗಳು ತೆರೆಯುವಾಗ ವಿದ್ಯುತ್ತು ಅವುಗಳ ನಡುವೆಯೇ ಜಿಗಿದು ವ್ಯರ್ಥವಾಗದಂತೆ ತಡೆಯಲು ಕಂಡೆನ್ಸರ್ ಎಂಬ ಕಿರಿದಾದ ಡಬ್ಬಿಯಿರುತ್ತದೆ. ಅದರೊಳಗಿನ ಪದರ ಹಳೆಯದಾದರೆ ತಣ್ಣಗಿರುವಾಗ ಕೆಲಸ ಮಾಡಿ, ಕಾದಾಗ ಸೋರತೊಡಗುತ್ತದೆ.

“ಸಂಶಯ ಮೂವರ ಮೇಲೆ” ಎಂದರು ಮೇಸ್ತ್ರಿಗಳು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿಹೋದರೆ ಪೆಟ್ರೋಲು ಕಡಿಮೆಯಾದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ತಗ್ಗಿ, ಪೆಟ್ರೋಲು ಸರಿಯಾಗಿ ಇಳಿಯದು. ಆಗಲೂ ಗಾಡಿ ಸ್ವಲ್ಪ ದೂರ ಓಡಿದ ಮೇಲೆಯೇ ತಡವರಿಸುತ್ತದೆ. ನಿಲ್ಲಿಸಿದರೆ ನಿಧಾನವಾಗಿ ಗಾಳಿ ಸೇರಿ ಸರಿಹೋಗುತ್ತದೆ. ಕಾಯಿಲ್ ಕಾದು ಸೋತರೂ ಅದೇ ಲಕ್ಷಣ. ಕಂಡೆನ್ಸರ್ ಸೋತರೂ ಅದೇ. ಮೂರು ರೋಗಗಳಿಗೆ ಒಂದೇ ಮುಖ! ಮುಖವನ್ನು ನೋಡಿ ತೀರ್ಪು ಕೊಡುವವನು ಇಲ್ಲಿ ಎಡವುತ್ತಾನೆ.

ಅವರು ಒಂದೊಂದಾಗಿಯೇ ಪರೀಕ್ಷಿಸಿದರು. ಗಾಡಿಯನ್ನು ತಡವರಿಸುವವರೆಗೆ ಓಡಿಸಿ, ರಸ್ತೆಯ ಬದಿಗೆ ನಿಲ್ಲಿಸಿ, ಟ್ಯಾಂಕಿನ ಮುಚ್ಚಳವನ್ನು ತೆರೆದು ಮುಚ್ಚಿ, ತಡಮಾಡದೆ ಹೊರಟರು. ರಂಧ್ರದ ದೋಷವಾಗಿದ್ದರೆ ಒಡನೆಯೇ ಸರಿಹೋಗಬೇಕಿತ್ತು; ಹೋಗಲಿಲ್ಲ. ಒಬ್ಬ ಆರೋಪಿಯ ಬಿಡುಗಡೆಯಾಯಿತು. ಮುಸ್ಸಂಜೆ ಅಂಗಡಿಯ ಮಬ್ಬು ಬೆಳಕಿನಲ್ಲಿ, ಇನ್ನೂ ಬಿಸಿಯಾಗಿದ್ದ ಇಂಜಿನ್ನನ್ನು ನಡೆಸುತ್ತ ಪಕ್ಕದ ಮುಚ್ಚಳವನ್ನು ತೆಗೆದು ನನಗೂ ತೋರಿಸಿದರು. ಪಾಯಿಂಟುಗಳ ನಡುವೆ ಹಳದಿ ಬಣ್ಣದ ದಪ್ಪ ಕಿಡಿಗಳು ಬಿಡದೆ ಸಿಡಿಯುತ್ತಿದ್ದವು. ಪ್ಲಗ್ಗಿಗೆ ಸಲ್ಲಬೇಕಾದ ಬಲ ಅಲ್ಲಿಯೇ ಸೋರಿಹೋಗುತ್ತಿತ್ತು. ಅವರು ಬೇರೇನನ್ನೂ ಮುಟ್ಟದೆ ಕಂಡೆನ್ಸರನ್ನು ಮಾತ್ರ ಬದಲಿಸಿದರು. ಮರುದಿನ ಮಧ್ಯಾಹ್ನ ಉರಿಬಿಸಿಲಿನಲ್ಲಿ ನಾನು ಹಳ್ಳಿಗೆ ಹೋಗಿಬಂದೆ. ಒಮ್ಮೆಯೂ ಇಂಜಿನ್ ತಡವರಿಸಲಿಲ್ಲ.

ಹಣ ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಹೊಸ ಕಂಡೆನ್ಸರನ್ನು ಬಿಚ್ಚಿ, ಹಳೆಯದನ್ನೇ ಮತ್ತೆ ಜೋಡಿಸತೊಡಗಿದರು. ನಾನು ಬೆರಗಾಗಿ, “ಸರಿಹೋಯಿತಲ್ಲ, ಮತ್ತೇಕೆ ಹಳೆಯದು?” ಎಂದು ಕೇಳಿದೆ.

“ಸರಿಹೋದದ್ದು ನಿಜ ಮೇಷ್ಟ್ರೇ. ಇದರಿಂದಲೇ ಸರಿಹೋಯಿತೆಂದು ಹೇಗೆ ಹೇಳಲಿ? ಬಿಚ್ಚಿ ಜೋಡಿಸುವಾಗ ಸಡಿಲವಾಗಿದ್ದ ತಂತಿಯೊಂದು ಬಿಗಿಯಾಗಿರಬಹುದು. ಹಾಗಿದ್ದರೆ ನಾಳೆ ಮತ್ತೆ ಸಡಿಲವಾದೀತು. ನೀವು ಏರಿನಲ್ಲಿ ನಿಂತಾಗ ಪಕ್ಕದಲ್ಲಿ ನಾನಿರುವುದಿಲ್ಲ.”

ಹಳೆಯ ಕಂಡೆನ್ಸರಿನೊಡನೆ ಅವರೇ ಊರ ಹೊರಗಿನ ಬಯಲು ರಸ್ತೆಯಲ್ಲಿ ಗಾಡಿಯನ್ನು ಓಡಿಸಿದರು. ಕೆಲವು ಕಿಲೋಮೀಟರ್ ಕಳೆದೊಡನೆ ಹಳೆಯ ಬಿಕ್ಕಳಿಕೆ ಮರಳಿತು. ಆಗ ಅವರ ಮುಖದಲ್ಲಿ ನಗು ಮೂಡಿತು. ಗಾಡಿ ಕೆಟ್ಟಿತೆಂದು ಮೆಕ್ಯಾನಿಕ್ಕೊಬ್ಬರು ಸಂತೋಷಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊಸ ಕಂಡೆನ್ಸರನ್ನು ಮತ್ತೆ ಹಾಕಿ, ಇನ್ನೊಮ್ಮೆ ಓಡಿಸಿ ನೋಡಿ, ಆಮೇಲೆ ಹಣ ಪಡೆದರು. ‘ಭಯವಿಲ್ಲ’ ಎಂಬ ಮಾತನ್ನು ಅವರು ಆಡಲೇ ಇಲ್ಲ. ಆಡುವ ಅಗತ್ಯವೂ ಇರಲಿಲ್ಲ. ಅಂದಿನಿಂದ ಗುಡ್ಡದ ಏರು ಬಂದಾಗ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿತು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಿಗೆ ಕಂಡ ಕೇಡನ್ನು ಪ್ರಮಾಣಿಸಿ ನೋಡುವವರು ಬಹಳ ಮಂದಿ ಇದ್ದಾರೆ. ಕಣ್ಣಿಗೆ ಕಂಡ ಗುಣವನ್ನು ಪ್ರಮಾಣಿಸಿ ನೋಡುವವರು ವಿರಳ. ಜ್ವರ ಇಳಿದೊಡನೆ ಕೊನೆಗೆ ಕುಡಿದ ಕಷಾಯಕ್ಕೆ ಕೀರ್ತಿ ಸಲ್ಲುತ್ತದೆ. ಲೆಕ್ಕದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದಿದೊಡನೆ ವಿದ್ಯಾರ್ಥಿ ಪುಟವನ್ನು ತಿರುಗಿಸುತ್ತಾನೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದರೂ ಉತ್ತರ ಸರಿಯಾಗಿ ಬರುವುದುಂಟು. ಅಂತಹ ಉತ್ತರ ತರಗತಿಯಲ್ಲಿ ಅಂಕವನ್ನು ತಂದೀತು. ಮುಂದಿನ ಲೆಕ್ಕದಲ್ಲಿ ಕೈಬಿಟ್ಟೀತು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಕಂಡದ್ದನ್ನು ಬರೆದಿಡು, ಗೆದ್ದೆನೆನಿಸಿದಾಗಲೂ ಇನ್ನೊಮ್ಮೆ ಪರೀಕ್ಷಿಸು ಎಂಬ ಈ ಮೂರು ನಿಯಮಗಳನ್ನು ಆ ಮೇಸ್ತ್ರಿಗಳು ಯಾವ ಪ್ರಯೋಗಶಾಲೆಯಲ್ಲಿಯೂ ಕಲಿತವರಲ್ಲ. ತಮ್ಮ ಕೆಲಸವನ್ನು ನಂಬಿ ಮತ್ತೊಬ್ಬನು ದಾರಿ ಹಿಡಿಯುತ್ತಾನೆ ಎಂಬ ಎಚ್ಚರವೇ ಅವರಿಗೆ ಅದನ್ನು ಕಲಿಸಿತ್ತು.