ದಿನಕ್ಕೊಂದು ಯುಗಾದಿಯ ಲೋಕ

ವೈಟ್‌ಫೀಲ್ಡ್‌ನ ಗಾಜಿನ ಸೌಧಗಳನ್ನು ಹಿಂದಿಕ್ಕಿ, ಕಾಡುಗೋಡಿಯನ್ನು ದಾಟಿ ಈಶಾನ್ಯಕ್ಕೆ ಸಾಗಿದರೆ ಹೊಸಕೋಟೆ. ವಿಶಾಲವಾದ ಕೆರೆ, ಸುತ್ತಲೂ ಕಾರ್ಖಾನೆಗಳು, ನಸುಕಿನಲ್ಲೇ ಬಿರಿಯಾನಿಗಾಗಿ ಸಾಲುಗಟ್ಟುವ ಜನ: ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುವು ಇವೇ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣವೂ ಇದೇ ಊರಿನಲ್ಲಿದೆಯೆಂಬುದನ್ನು ಬಲ್ಲವರು ವಿರಳ.

ಊರು ಮಲಗಿದ ಮೇಲೆ ಇಲ್ಲಿಯ ಕೆಲಸ ಆರಂಭವಾಗುತ್ತದೆ. ಇಲ್ಲಿಂದ ಆಜ್ಞೆ ಹೊರಟರೆ, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದ ಶಿಖರದ ಮೇಲಿರುವ ಹಿಮಾಲಯ ಚಂದ್ರ ದೂರದರ್ಶಕ ತನ್ನ 2 ಮೀಟರ್ ಅಗಲದ ಕನ್ನಡಿಯನ್ನು ಬೇಕಾದ ತಾರೆಯತ್ತ ತಿರುಗಿಸುತ್ತದೆ. ಆಜ್ಞೆಯೂ ಚಿತ್ರವೂ ಉಪಗ್ರಹದ ಮಾರ್ಗವಾಗಿ ಸಂಚರಿಸುತ್ತವೆ. ಹೊಸಕೋಟೆಯ ಆಗಸವನ್ನು ನಗರದ ದೀಪಗಳು ಮಸುಕುಗೊಳಿಸಿವೆ. ಹಾನ್ಲೆಯ ಇರುಳಾದರೋ ಇನ್ನೂ ನಿಷ್ಕಳಂಕ.

ಹಾನ್ಲೆ ಮತ್ತು ತಮಿಳುನಾಡಿನ ಕಾವಲೂರಿನ ದೂರದರ್ಶಕಗಳಿಂದ ಈ ಸಂಸ್ಥೆಯವರು ಅಳೆದು, 2019ರಲ್ಲಿ ವಿವರ ಪ್ರಕಟಿಸಿದ ಐದು ದೂರದ ಗ್ರಹಗಳಲ್ಲಿ ‘ವಾಸ್ಪ್-12 ಬಿ’ ಒಂದು. 2008ರಲ್ಲಿ ಪತ್ತೆಯಾದ ಇದರ ನೆಲೆ, ಬ್ರಹ್ಮಹೃದಯ ನಕ್ಷತ್ರವಿರುವ ವಿಜಯಸಾರಥಿ ಪುಂಜದಲ್ಲಿ. ಗ್ರಹವನ್ನು ನೇರವಾಗಿ ಕಾಣಲಾಗದು. ಅದು ತನ್ನ ಸೂರ್ಯನ ಮುಂದೆ ಹಾಯುವಾಗ ಸುಮಾರು 3 ಗಂಟೆಗಳ ಕಾಲ ತಾರೆಯ ಬೆಳಕು ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಕುಂದುತ್ತದೆ. ಆ ಕುಂದಿನಿಂದಲೇ ಗ್ರಹದ ಗಾತ್ರದ ಲೆಕ್ಕ.

ಆ ಲೋಕಕ್ಕೊಮ್ಮೆ ಕಲ್ಪನೆಯ ಪಯಣ ಬೆಳೆಸಿದರೆ ಕಾಣುವ ನೋಟವೇನು? ಕಾಲೂರಲು ನೆಲವಿಲ್ಲ, ಎಲ್ಲವೂ ಕುದಿಯುವ ಅನಿಲ. ಗುರುಗ್ರಹದ ಸುಮಾರು ಎರಡರಷ್ಟು ಅಗಲದ ಗೋಳ, ಸೂರ್ಯನ ಸೆಳೆತಕ್ಕೆ ಮೊಟ್ಟೆಯಂತೆ ನೀಳವಾಗಿದೆ. ಆಗಸದಲ್ಲಿ ಸೂರ್ಯಬಿಂಬ ನಮ್ಮದಕ್ಕಿಂತ ಸುಮಾರು 70 ಪಟ್ಟು ಅಗಲ. ಅದಕ್ಕೆ ಉದಯವೂ ಇಲ್ಲ, ಅಸ್ತವೂ ಇಲ್ಲ. ಒಂದು ಮುಖಕ್ಕೆ ಸದಾ ಹಗಲು, ಮತ್ತೊಂದಕ್ಕೆ ಸದಾ ಇರುಳು. ಹಗಲಿನ ಮುಖದಲ್ಲಿ ಕಬ್ಬಿಣವೂ ಕರಗುವ ಬೇಗೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 94 ಪಾಲನ್ನಾದರೂ ನುಂಗುವ ಈ ಗ್ರಹ, ಹೊಸದಾಗಿ ಟಾರು ಬಳಿದ ರಸ್ತೆಯಂತೆ ಕಪ್ಪು. ಅಲ್ಲಿಯ ವರ್ಷ ನಮ್ಮ 26 ಗಂಟೆಗಳಷ್ಟೇ. ಹೆಚ್ಚು ಕಡಿಮೆ ದಿನಕ್ಕೊಂದು ಯುಗಾದಿ. ಪ್ರಭವಾದಿ ಅರವತ್ತು ಸಂವತ್ಸರಗಳು ಸುಮಾರು 65 ದಿನಗಳಲ್ಲಿ ಮುಗಿದುಹೋಗುತ್ತವೆ!

ಆದರೆ ಈ ಯುಗಾದಿಗಳಿಗೂ ಕೊನೆಯುಂಟು. ಗ್ರಹವು ಸುಳಿಸುಳಿಯಾಗಿ ಸೂರ್ಯನತ್ತ ಜಾರುತ್ತಿದೆಯೆಂದು 2020ರ ವೇಳೆಗೆ ಖಚಿತವಾಯಿತು. ಅದರ ಸುತ್ತಿನ ಅವಧಿ ನಮ್ಮ ಒಂದು ವರ್ಷದಲ್ಲಿ ಕುಗ್ಗುವುದು ಸೆಕೆಂಡಿನ ಸಾವಿರ ಪಾಲುಗಳಲ್ಲಿ ಸುಮಾರು 29 ಮಾತ್ರ. ಹೀಗೆಯೇ ಸಾಗಿದರೆ ಸುಮಾರು 30 ಲಕ್ಷ ವರ್ಷಗಳಲ್ಲಿ ತಾಯಿತಾರೆಯೇ ಅದನ್ನು ಕಬಳಿಸುವುದು. ಇಷ್ಟು ಸೂಕ್ಷ್ಮವಾದ ಇಳಿತವನ್ನು ಹಿಡಿಯಬೇಕಾದರೆ, ಗ್ರಹಣದ ಕ್ಷಣವನ್ನು ವರ್ಷವರ್ಷವೂ ಯಾರಾದರೂ ನಿದ್ದೆಗೆಟ್ಟು ಗುರುತಿಸುತ್ತಲೇ ಇರಬೇಕು.

ಆ ಸೂರ್ಯನ ದೂರ ಸುಮಾರು 1,400 ಜ್ಯೋತಿರ್ವರ್ಷ. ಇಂದು ಹಾನ್ಲೆಯ ಕನ್ನಡಿಗೆ ತಾಗುವ ಬೆಳಕು, ಇಮ್ಮಡಿ ಪುಲಿಕೇಶಿ ಬಾದಾಮಿಯಲ್ಲಿ ಆಳುತ್ತಿದ್ದ ಕಾಲದ ಸುಮಾರಿಗೆ ಹೊರಟದ್ದು. ಅದರ ಲೆಕ್ಕವನ್ನು ಬರೆದಿಟ್ಟು, ರಾತ್ರಿಪಾಳಿಯವರು ಹೊಸಕೋಟೆಯ ಆವರಣದಿಂದ ಹೊರಬರುವ ಹೊತ್ತಿಗೆ, ಊರಿನಲ್ಲಿ ಬಿರಿಯಾನಿಯ ಸಾಲು ಆಗಲೇ ಬೆಳೆದಿರುತ್ತದೆ.