ಗುಂಡ್ಲುಪೇಟೆಯ ಬಾಳೆ, ಕರಾವಳಿಯ ಬನ್ಸ್

ಕಳೆದ ಶ್ರಾವಣದಲ್ಲಿ ನಾವು ಸಕುಟುಂಬರಾಗಿ ಚಾಮರಾಜನಗರಕ್ಕೆ ಹೋಗಿದ್ದೆವು. ಹಿಂದೆ ಅರಿಕುಠಾರವೆನಿಸಿದ್ದ ಆ ಊರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯವನ್ನು ಕಂಡು, ತೋಂಟದ ಸಿದ್ಧಲಿಂಗ ಯತಿಗಳ ನೆನಪು ಹೊತ್ತ ಹರದನಹಳ್ಳಿಗೂ ಹೋಗಿ ಬಂದು, ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಯ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಬಾಳೆತೋಟಗಳು: ಏಲಕ್ಕಿ, ಪಚ್ಚಬಾಳೆ, ಕೇರಳದವರು ಚಿಪ್ಸಿಗೆಂದು ಒಯ್ಯುವ ನೇಂದ್ರ.

ಅಂದು ಗುಂಡ್ಲುಪೇಟೆಯ ಸಮೀಪ ನಮ್ಮ ಬೀಗರ ಮನೆಯಲ್ಲಿ ತಂಗಿದೆವು. ಪಡಸಾಲೆಯಲ್ಲಿ ಏಲಕ್ಕಿಯ ಗೊನೆಗಳು ಒರಗಿದ್ದವು. ಮನೆಯೆಲ್ಲ ಮಾಗಿದ ಹಣ್ಣಿನ ವಾಸನೆ. ಬೆಲೆ ಇಳಿದುದರಿಂದ ವ್ಯಾಪಾರಿ ಹೇಳಿದ ದಿನ ಬಂದಿರಲಿಲ್ಲ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕಿನ ಲಾರಿಗಳಿಗೆ ತಡೆಯುಂಟು. ವನ್ಯಜೀವಿಗಳ ದೃಷ್ಟಿಯಿಂದ ಅದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಸಂಜೆ ತಡವಾದ ಲೋಡು ಬೆಳಗಿನವರೆಗೆ ಕಾಯಬೇಕು, ಹಣ್ಣು ಕಾಯುವುದಿಲ್ಲ. ಹಿರಿಯ ಬೀಗರು ಎರಡು ದಿನದಿಂದ ಆ ಪಡಸಾಲೆಗೆ ಕಾಲಿಟ್ಟಿರಲಿಲ್ಲವಂತೆ.

ಸೊಸೆ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದವರು. ರಾತ್ರಿಯೇ ಕಪ್ಪಾಗತೊಡಗಿದ ಹಣ್ಣುಗಳನ್ನು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಅಡಿಗೆ ಸೋಡಾ, ಉಪ್ಪು ಬೆರೆಸಿ, ಮೈದಾ ಹಿಡಿದಷ್ಟು ಕಲಸಿಟ್ಟರು. ಹಣ್ಣಿನ ನೀರೇ ಸಾಕು; ಬೇರೆ ನೀರು ಹಾಕಿದರೆ ಹಿಟ್ಟು ಸಡಿಲಾಗುವುದೆಂದು ನಮ್ಮ ಮನೆಯವರಿಗೆ ತಿಳಿಸಿದರು. ಬೆಳಿಗ್ಗೆ ಹಿಟ್ಟು ಹುದುಗಿತ್ತು. ಪೂರಿಗಿಂತ ದಪ್ಪವಾಗಿ ಲಟ್ಟಿಸಿ ಹದವಾದ ಉರಿಯಲ್ಲಿ ಬಿಡಲು, ಒಂದೊಂದೂ ಉಬ್ಬಿ ಕೆಂಪಾಯಿತು. ಉರಿ ಹೆಚ್ಚಾದರೆ ಸಕ್ಕರೆಯ ಹಿಟ್ಟು ಹೊರಗೆ ಬೇಗ ಕಪ್ಪಾಗಿ ಒಳಗೆ ಹಸಿಯುಳಿಯುತ್ತದೆ. ಮಂಗಳೂರು, ಉಡುಪಿಯ ಹೋಟೆಲುಗಳಲ್ಲಿ ಬನ್ಸ್ ಎಂದು ಚಟ್ನಿ ಸಾಂಬಾರಿನೊಡನೆ ಕೊಡುವುದು ಇದನ್ನೇ.

ಅತ್ತೆಯವರಿಗೆ ಮೊದಲು ನಂಬಿಕೆಯಿರಲಿಲ್ಲ. "ಪೂರಿಗೆ ಹಣ್ಣು ಹಾಕೋದೇನವ್ವ?" ಎಂದರು. ಆದರೂ ಮೊದಲನೆಯದನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಿದವರು, ಮಾತಿಲ್ಲದೆ ಎರಡನೆಯದಕ್ಕೆ ಕೈಯೊಡ್ಡಿದರು. ಹಿರಿಯ ಬೀಗರು ಒಂದನ್ನು ಮುರಿದು ನೋಡಿ, "ಇಷ್ಟೂ ಗೊನೆಗೆ ಎಷ್ಟು ಬನ್ಸ್ ಬೇಯಿಸ್ತೀಯವ್ವ?" ಎಂದು ಸೊಸೆಯನ್ನು ಕೇಳಿ ನಕ್ಕರು. ಅವರ ಮಾತು ನಿಜವೇ. ಒಂದು ಚಿಪ್ಪಿನ ಹಣ್ಣು ಉಳಿಯಿತು, ಪಡಸಾಲೆ ಹಾಗೆಯೇ ಇತ್ತು.

ನಾವು ಹೊರಡುವಾಗ ಬಾಳೆಲೆಯಲ್ಲಿ ಸುತ್ತಿದ ಹನ್ನೆರಡು ಬನ್ಸುಗಳನ್ನು ಕಟ್ಟಿಕೊಟ್ಟರು. ಬೀಗರು ಆಗಲೇ ಪಡಸಾಲೆಯೊಳಗೆ ನಿಂತು, ಮಠದ ದಾಸೋಹಕ್ಕೆ ಕಳುಹಿಸಲು ಗೊನೆಗಳನ್ನು ಆರಿಸುತ್ತಿದ್ದರು.