ಬಾಗಲೂರು ದಾರಿಯ ಬೋರಲು ರೆಕ್ಕೆ

ಹೆಣ್ಣೂರಿನಿಂದ ಬಾಗಲೂರಿನತ್ತ ಸಾಗುವ ರಸ್ತೆಯಲ್ಲಿ ಮೆಕೊ ಕಾರ್ಟೋಪಿಯ ಎಂಬ ಗೋ-ಕಾರ್ಟ್ ಓಟದ ಅಂಗಳವಿದೆ. ನೆಲಕ್ಕೆ ಹೊಟ್ಟೆ ತಾಗಿಸಿದಂತೆ ಓಡುವ ಆ ಪುಟ್ಟ ಬಂಡಿಗಳಿಗೆ ರೆಕ್ಕೆಯ ಹಂಗಿಲ್ಲ. ರೆಕ್ಕೆ ನೋಡಬೇಕೆಂದರೆ ತಲೆ ಎತ್ತಬೇಕು: ಉತ್ತರಕ್ಕೆ 2008ರಲ್ಲಿ ತೆರೆದ ವಿಮಾನ ನಿಲ್ದಾಣ, ಪಶ್ಚಿಮಕ್ಕೆ 1996ರಿಂದ ‘ಏರೋ ಇಂಡಿಯಾ’ ಕಂಡಿರುವ ಯಲಹಂಕ ವಾಯುನೆಲೆ.

ವಿಮಾನದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ; ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಅದನ್ನೇ ಬೋರಲು ಹಾಕಿ ಫಾರ್ಮುಲಾ ಒನ್ ಕಾರಿನ ಹಿಂಬದಿಗೆ ಕೂರಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಟೈರಿನ ಹಿಡಿತ ಹೆಚ್ಚುತ್ತದೆ. ಹಾಗಾದರೆ ಹಿಂದೆ ಎರಡು ಮರಳಿನ ಮೂಟೆ ಹೇರಿದರೆ ಸಾಲದೆ? ಸಾಲದು. ತಿರುವಿನಲ್ಲಿ ಆ ಮೂಟೆಗಳನ್ನೂ ತಿರುಗಿಸುವ ಹೊರೆ ಟೈರಿನ ಮೇಲೆಯೇ ಬೀಳುತ್ತದೆ. ಗಾಳಿಯ ಒತ್ತಿಗೆ ಆ ಹೊರೆಯಿಲ್ಲ; ಜಾಣತನವಿರುವುದು ಇಲ್ಲೇ.

ಅತಿಯಾಗಿ ನಂಬುವಂತೆಯೂ ಇಲ್ಲ. 1969ರ ಸ್ಪೇನ್ ಗ್ರ್ಯಾನ್ ಪ್ರಿಯಲ್ಲಿ ಎತ್ತರದ ಹಿಂಬದಿ ರೆಕ್ಕೆಗಳು ಮುರಿದು, ಲೋಟಸ್ ತಂಡದ ಗ್ರಹಾಂ ಹಿಲ್, ಯೋಹೆನ್ ರಿಂಟ್ ಇಬ್ಬರ ಕಾರುಗಳೂ ಅಪ್ಪಳಿಸಿದವು. ಬೆನ್ನಲ್ಲೇ ಮೊನಾಕೊದಲ್ಲಿ ಅಂಥ ರೆಕ್ಕೆಗಳಿಗೆ ನಿಷೇಧ ಬಿತ್ತು.

ಈ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಸಿಗುವುದರ 25ರಲ್ಲಿ ಒಂದು ಪಾಲಷ್ಟೇ 60ರಲ್ಲಿ ಸಿಕ್ಕೀತು. ಬಾಗಲೂರು ರಸ್ತೆಯ ಲಾರಿ, ಬಸ್ಸುಗಳ ನಡುವೆ 60 ಮುಟ್ಟುವುದೇ ಕಷ್ಟ! ಆದರೂ ಡಿಕ್ಕಿಯ ಮೇಲೆ ರೆಕ್ಕೆ ಹೊತ್ತ ಕಾರುಗಳು ಕಾಣಸಿಗುತ್ತವೆ. ಅವುಗಳಲ್ಲಿ ಎಷ್ಟೋ ಕಾರುಗಳಿಗೆ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಮಗ ಇಂಥದೊಂದಕ್ಕೆ ಹಣ ಕೇಳಿದರೆ ಅಪ್ಪ ಮೊದಲು ಟೈರುಗಳ ಸವೆತ ನೋಡಲಿ.